ಐದನೆಯ ಚೌಕ

ಸಂಪಾಜೆಗೆ ಬಂದು ಏಳು ವರ್ಷವಾದರೂ ಅಲ್ಲಿ ಒಬ್ಬರೂ ಅವಳನ್ನು ಬರೀ ವೀಣಾ ಎಂದು ಕರೆದಿರಲಿಲ್ಲ. ಬಸ್ ಕಂಡಕ್ಟರನಿಗೆ ಅವಳು ಟೀಚರ್, ಹಾಲು ಕೊಡುವವನಿಗೆ ಟೀಚರ್, ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟ ಮನೆಯವರಿಗೂ ಟೀಚರೇ. ಹೆಸರು ಹಿಡಿದು ಕರೆಯುತ್ತಿದ್ದವಳು ಶಿರಂಗಾಲದಿಂದ ಫೋನು ಮಾಡುವ ಅವ್ವ ರಾಮಮ್ಮ ಒಬ್ಬಳೇ.

"ವೀಣಾ, ಏನವ್ವ, ಉಂಡ್ಯಾ?"

"ಉಂಡೆ ಕಣವ್ವ."

"ಏನ್ ಮಾಡ್ಕಂಡಿದ್ದೆ?"

"ಸೊಪ್ಪಿನ ಸಾರು, ಮುದ್ದೆ."

ಹೇಳುವಾಗ ಅವಳ ಮುಂದೆ ಬೇಕರಿಯ ಬನ್ನು, ಒಂದು ಲೋಟ ಕಾಫಿ ಇರುತ್ತಿತ್ತು. ಶಿರಂಗಾಲದ ಮನೆಯಲ್ಲಿ ಹತ್ತು ಜನಕ್ಕೆ ಮುದ್ದೆ ತೊಳಸಿ ಬೆಳೆದ ಕೈಗೆ ಒಂದೇ ಒಂದು ಮುದ್ದೆ ತೊಳಸಲು ಬರುತ್ತಿರಲಿಲ್ಲ. ಮೊದಲ ವರ್ಷ ಪ್ರಯತ್ನ ಮಾಡಿದಳು. ಹಿಟ್ಟು ತಳ ಹಿಡಿಯುತ್ತಿತ್ತು, ಇಲ್ಲವೇ ಮಿಕ್ಕಿ ಬೆಳಿಗ್ಗೆಗೆ ಕಲ್ಲಾಗುತ್ತಿತ್ತು. ಆಮೇಲೆ ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹುಳ ಬಿದ್ದಿತು. ಅಲ್ಲಿಗೆ ಅದು ಮುಗಿಯಿತು. ಮೂವತ್ತಾರರ ಹೆಣ್ಣು, ಎರಡು ಸಲ ಮಾತಿನವರೆಗೆ ಬಂದು ಮುರಿದುಹೋದ ಸಂಬಂಧ, ಕೊಡಗಿನ ಆ ತುದಿಯಿಂದ ಈ ತುದಿಗೆ ಬಂದ ಸರ್ಕಾರಿ ಕೆಲಸ. ಕಿಟಕಿಯ ಕೆಳಗೆ ಮಂಗಳೂರು ರಸ್ತೆಯಲ್ಲಿ ಬಸ್ಸು, ಲಾರಿ, ಮಡಿಕೇರಿ ನೋಡಲು ಹೊರಟ ಕಾರುಗಳು ಹೋಗುತ್ತಲೇ ಇರುತ್ತಿದ್ದವು. ಯಾವುದೂ ಅವಳ ಮನೆಯ ಮುಂದೆ ನಿಲ್ಲುತ್ತಿರಲಿಲ್ಲ.

ಆದರೆ ಶಾಲೆಯಲ್ಲಿ ವೀಣಾ ಟೀಚರ್ ಎಂದರೆ ಬೇರೆಯೇ ಮಾತು. ವಿಜ್ಞಾನದ ಪಾಠ ಅವಳದು, ಒಂಬತ್ತನೇ ತರಗತಿ ಅವಳದು, ಮಕ್ಕಳ ಎತ್ತರ ತೂಕ ಬರೆದಿಡುವ ರಿಜಿಸ್ಟರ್ ಅವಳದು. ಸಮತೋಲನ ಆಹಾರದ ಪಾಠವನ್ನು ಅವಳಷ್ಟು ಚೆನ್ನಾಗಿ ಮಾಡುವವರಿಲ್ಲ ಎಂದು ಹೆಡ್‌ಮಾಸ್ಟರ್ ಪದ್ಮಯ್ಯನವರು ಬಂದವರೆದುರು ಹೇಳುತ್ತಿದ್ದರು. ಪದ್ಮಯ್ಯನವರು ಅದೇ ಊರಿನ ಅರೆಭಾಷೆ ಗೌಡರು. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಅಷ್ಟರೊಳಗೆ ಶಾಲೆಯ ಹೆಸರು ಒಂದು ಸಲವಾದರೂ ಜಿಲ್ಲೆಯಲ್ಲಿ ಕೇಳಬೇಕೆಂದು ಅವರಿಗೆ ಆಸೆ. ಇನ್‌ಸ್ಪೆಕ್ಷನ್ ಇದೆಯೆಂದರೆ ಮೂರು ದಿನ ಮೊದಲೇ ತಯಾರಿ ಶುರು. ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ ಎತ್ತಬೇಕು. ಟೀಚರ್ ಬಲಗೈಯವರನ್ನು ಮಾತ್ರ ಕೇಳಬೇಕು. ಬಂದ ಸಾಹೇಬರಿಗೆ ತರಗತಿ ತುಂಬ ಕೈಗಳೇ ಕಾಣುತ್ತಿದ್ದವು. ಇದು ಮೋಸವೆಂದು ಆ ಶಾಲೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನೆಂಟರು ಬರುವಾಗ ಅಂಗಳ ಗುಡಿಸುವುದಿಲ್ಲವೇ, ಹಾಗೆ.

ಸೆಪ್ಟೆಂಬರಿನಲ್ಲಿ ಒಂದು ಪತ್ರ ಬಂತು. ವೈದ್ಯಕೀಯ ಕಾಲೇಜೊಂದರ ಅಧ್ಯಯನ: ಊಟ, ಆಟ, ನಿದ್ದೆ, ಮೊಬೈಲು, ಇವುಗಳ ವಿಷಯದಲ್ಲಿ ಒಳ್ಳೆಯ ಅಭ್ಯಾಸಕ್ಕೆ ಬದಲಾಗಲು ಶಾಲಾ ಮಕ್ಕಳು ಎಷ್ಟು ಸಿದ್ಧರಿದ್ದಾರೆ ಎಂದು ಅಳೆಯುವುದು. ಪ್ರತಿ ಪ್ರಶ್ನೆಗೂ ಐದು ಚೌಕ. ಮೊದಲನೆಯದು, 'ನಾನು ಇದರ ಬಗ್ಗೆ ಯೋಚಿಸಿಯೇ ಇಲ್ಲ.' ಎರಡನೆಯದು, 'ಯೋಚಿಸುತ್ತಿದ್ದೇನೆ, ಸದ್ಯಕ್ಕೆ ಆಗುವುದಿಲ್ಲ.' ಮೂರನೆಯದು, 'ಒಂದು ತಿಂಗಳೊಳಗೆ ಶುರು ಮಾಡುತ್ತೇನೆ.' ನಾಲ್ಕು, 'ಶುರು ಮಾಡಿದ್ದೇನೆ.' ಐದು, 'ಆರು ತಿಂಗಳಿಂದ ಬಿಡದೆ ಮಾಡುತ್ತಿದ್ದೇನೆ.'

ಪದ್ಮಯ್ಯನವರು ಕನ್ನಡಕ ಹಣೆಗೇರಿಸಿ ಓದಿದರು. "ಇದೆಂತ ಟೀಚರ್, ಬಹಳ ಸುಲಭ ಉಂಟಲ್ಲ. ಐದಕ್ಕೆ ಐದು. ಮಕ್ಕಳಿಗೆ ಒಂದು ಸಲ ಹೇಳಿಕೊಡಿ."

ವೀಣಾ ಹೇಳಿಕೊಟ್ಟಳು. ಕಾಲೇಜಿನವರು ಬರುವ ಹಿಂದಿನ ದಿನ ಕೊನೆಯ ಪೀರಿಯಡ್ಡು, ಮೂವತ್ತೆಂಟು ಮಕ್ಕಳು.

"ದಿನಾ ಹಣ್ಣು ತರಕಾರಿ ತಿಂತೀರಾ ಅಂತ ಕೇಳಿದ್ರೆ?"

"ಐದೂ..." ಎಂದಿತು ತರಗತಿ.

"ದಿನಾ ಒಂದು ಗಂಟೆ ಆಟ?"

"ಐದೂ..."

ಹಿಂದಿನ ಬೆಂಚಿನಿಂದ ದಿಗಂತ್ ಎದ್ದ. ತರಗತಿಯಲ್ಲಿ ನಗಿಸುವ ಗುತ್ತಿಗೆ ಅವನದು. "ಟೀಚರ್, ಪರೋಟದೊಟ್ಟಿಗೆ ಕೊಡುವ ಈರುಳ್ಳಿ ತರಕಾರಿಯಾ?"

"ಹೂಂ, ತರಕಾರಿ. ಕೂತ್ಕೋ."

"ಹಾಗಾದ್ರೆ ನಾನು ನಿಜವಾಗಿಯೂ ಐದು ಟೀಚರ್!"

ಎಲ್ಲರೂ ನಕ್ಕರು, ವೀಣಾಳೂ ನಕ್ಕಳು. ಕಿಟಕಿಯ ಪಕ್ಕದ ಮೋಕ್ಷಿತಾ ಮಾತ್ರ ನಗಲಿಲ್ಲ. ಅವಳು ನಗದಿದ್ದುದನ್ನು ಆ ದಿನ ಯಾರೂ ಗಮನಿಸಲಿಲ್ಲ.

ಮಾರನೆಯ ದಿನ ಕಾಲೇಜಿನ ಕಡೆಯಿಂದ ಅಶ್ವಥ್ ಎಂಬ ಹುಡುಗ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಪೆನ್ಸಿಲುಗಳ ಕಟ್ಟು. ಮಾತು ಕೇಳಿದರೆ ಕುಶಾಲನಗರದ ಕಡೆಯವನೆಂದು ಗೊತ್ತಾಗುತ್ತಿತ್ತು. ತರಗತಿಯಲ್ಲಿ ಶಿಕ್ಷಕರು ಇರಬಾರದೆಂದು ನಿಯಮ, ಆದರೆ ಎಂಟನೇ ತರಗತಿಯನ್ನೂ ಅದೇ ಹೊತ್ತಿಗೆ ಮುಗಿಸಬೇಕು, ಬಂದವನು ಒಬ್ಬನೇ. "ಮೇಡಂ, ನೀವು ಇವರನ್ನ ಸ್ವಲ್ಪ ನೋಡ್ಕಳಿ. ಏನೂ ಹೇಳ್ಕೊಡ್ಬೇಡಿ, ಸುಮ್ನೆ ನಿಂತ್ಕಂಡಿರಿ ಸಾಕು," ಎಂದು ಪಕ್ಕದ ಕೋಣೆಗೆ ಹೋದ.

ವೀಣಾ ಬೆಂಚುಗಳ ನಡುವೆ ಅಡ್ಡಾಡಿದಳು. ಹಾಳೆಗಳ ಬಲಬದಿಯಲ್ಲಿ ಐದನೆಯ ಚೌಕಗಳು ಸಾಲಾಗಿ ತುಂಬಿಕೊಂಡು ಬರುತ್ತಿದ್ದವು. ಕಿಟಕಿಯ ಹತ್ತಿರ ಬಂದಾಗ ಅವಳ ಕಾಲು ನಿಂತಿತು. 'ದಿನಕ್ಕೆ ಮೂರು ಹೊತ್ತು ಸಮಯಕ್ಕೆ ಸರಿಯಾಗಿ ಊಟ ಮಾಡುವುದು' ಎಂಬಲ್ಲಿ ಮೋಕ್ಷಿತಾ ಒಂದನೆಯ ಚೌಕಕ್ಕೆ ಗುರುತು ಹಾಕಿದ್ದಳು. ಕೆಳಗೆ, ಕಾರಣವಿದ್ದರೆ ಬರೆಯಿರಿ ಎಂದಿದ್ದ ಗೆರೆಯ ಮೇಲೆ, ಗುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಒಬ್ಬಳೇ ಕೂತು ಉಣ್ಣಲು ಮನಸ್ಸು ಬರುವುದಿಲ್ಲ.'

ವೀಣಾ ಅದನ್ನು ಎರಡು ಸಲ ಓದಿದಳು. ಶಾಲೆಯ ಹೆಸರು ಹೋಗುತ್ತದಲ್ಲ ಎಂದು ಹೆದರಿದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಲ್ಲವೆಂದು ಅವಳಿಗೇ ಗೊತ್ತಿತ್ತು. ತನ್ನ ಕೋಣೆಯ ಬಾಗಿಲನ್ನು ಯಾರೋ ಹೇಳದೆ ಕೇಳದೆ ತೆರೆದು, ಬನ್ನಿನ ತಟ್ಟೆಯನ್ನು ತರಗತಿಯ ನಡುವೆ ತಂದಿಟ್ಟ ಹಾಗಿತ್ತು ಅದು.

"ಏನೇ ಇದು, ಹಿಂಗ್ ಬರೆದಿದ್ದೀಯ?" ಎಂದಳು ಮೆಲ್ಲಗೆ. "ನೆನ್ನೆ ಹೇಳಿದ್ದು ಮರೆತು ಹೋಯ್ತಾ? ಅಳಿಸು."

ಮೋಕ್ಷಿತಾ ತಲೆಯೆತ್ತಿ ನೋಡಿದಳು. "ನಿಜ ಬರೀಬೇಕು ಅಂತ ಮೇಲೆ ಉಂಟು ಟೀಚರ್."

"ಅಳಿಸು ಅಂದೆನಲ್ಲ."

ರಬ್ಬರ್ ಕೊಟ್ಟವಳೂ ವೀಣಾಳೇ. ಹುಡುಗಿ ಅಳಿಸಿದಳು, ಐದಕ್ಕೆ ಗುರುತು ಹಾಕಿದಳು, ಹಾಳೆಯ ಮೇಲಿನ ರಬ್ಬರ್ ಚೂರನ್ನು ಅಂಗೈಯಿಂದ ಒರೆಸಿದಳು. ಎರಡು ನಿಮಿಷದ ಕೆಲಸ.

ಮೋಕ್ಷಿತಾಳ ಮನೆಯ ಕತೆ ವೀಣಾಳಿಗೆ ಆಗಲೇ ಅಷ್ಟಿಷ್ಟು ತಿಳಿದಿತ್ತು. ಅಪ್ಪ ಲಾರಿಯವನು, ತಿಂಗಳಿಗೊಮ್ಮೆ ಮನೆಗೆ. ಅಮ್ಮ ಸುಳ್ಯದ ಒಂದು ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ. ಸಂಜೆ ನಾಲ್ಕರ ಬಸ್ಸಿಗೆ ಅಮ್ಮ ಹೊರಡುತ್ತಾಳೆ, ನಾಲ್ಕೂವರೆಗೆ ಮಗಳಿಗೆ ಶಾಲೆ ಬಿಡುತ್ತದೆ. ಬೆಳಿಗ್ಗೆ ಮಗಳು ಒಂಬತ್ತಕ್ಕೆ ಬಾಗಿಲು ಹಾಕಿ ಬಂದರೆ ಅಮ್ಮ ಒಂಬತ್ತೂವರೆಗೆ ಬಾಗಿಲು ತೆಗೆಯುತ್ತಾಳೆ. ರಾತ್ರಿ ಜೊತೆಗೆಂದು ಪಕ್ಕದ ಮನೆಯ ಬೊಳ್ಳಮ್ಮಜ್ಜಿ ಬಂದು ಮಲಗುತ್ತಾಳೆ. ಬರುವಾಗ ಅಜ್ಜಿಯ ಊಟ ಮುಗಿದಿರುತ್ತದೆ. ವಾರಕ್ಕೆ ಒಂದು ಭಾನುವಾರ ಬಿಟ್ಟರೆ ತಾಯಿ ಮಗಳು ಒಂದೇ ಮನೆಯಲ್ಲಿ ಪಾಳಿಯ ಮೇಲೆ ಬದುಕುತ್ತಿದ್ದರು.

ನವೆಂಬರಿನಲ್ಲಿ ಫಲಿತಾಂಶ ಬಂತು. ಪದ್ಮಯ್ಯನವರು ಸ್ಟಾಫ್ ರೂಮಿಗೆ ಪತ್ರ ಹಿಡಿದುಕೊಂಡೇ ಬಂದರು.

"ಕೇಳಿ ಮಾರಾಯ್ರೆ! ಇಪ್ಪತ್ತೆರಡು ಶಾಲೆಯಲ್ಲಿ ನಾವೇ ಮೊದಲು. ಬದಲಾವಣೆಯ ಸಿದ್ಧತೆ ಅತ್ಯುತ್ತಮ ಅಂತ ಬರೆದಿದ್ದಾರೆ. ಇದಕ್ಕೆ ಫ್ರೇಮ್ ಹಾಕಿಸಬೇಕು."

ವೀಣಾ ಪತ್ರ ತೆಗೆದುಕೊಂಡು ಕೆಳಗಿನ ಸಾಲುಗಳನ್ನು ಓದಿದಳು. ಸಿದ್ಧತೆ ಕಡಿಮೆ ಇರುವ ಆರು ಶಾಲೆಗಳಿಗೆ ಒಂದು ವರ್ಷ ಕಾಲ ಹದಿನೈದು ದಿನಕ್ಕೊಮ್ಮೆ ಆಪ್ತ ಸಲಹೆಗಾರ್ತಿ ಬರುತ್ತಾರೆ, ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುತ್ತಾರೆ, ಬೇಕಾದರೆ ಮನೆಗೂ ಹೋಗುತ್ತಾರೆ. ಉಳಿದ ಶಾಲೆಗಳಿಗೆ ಅಭಿನಂದನೆಗಳು.

ಅದೇ ವಾರ ಅವಳು ಮಕ್ಕಳ ತೂಕ ತೆಗೆದಿದ್ದಳು. ಜೂನಿನಲ್ಲಿ ನಲವತ್ತೊಂದು ಕೆಜಿ ಇದ್ದ ಮೋಕ್ಷಿತಾ ಮೂವತ್ತಾರೂವರೆಗೆ ಇಳಿದಿದ್ದಳು. ಬೆಳೆಯುವ ಮಕ್ಕಳ ತೂಕ ಒಂದು ಕೆಜಿ ಹೆಚ್ಚಲಿಲ್ಲವೆಂದರೇ ಮನೆಯವರ ನಿದ್ದೆ ಹೋಗುತ್ತದೆ. ಇಲ್ಲಿ ನಾಲ್ಕೂವರೆ ಕೆಜಿ ಇಳಿದು ಹೋಗಿತ್ತು, ಅದನ್ನು ಕಂಡವಳು ರಿಜಿಸ್ಟರ್ ಬರೆಯುವವಳೊಬ್ಬಳೇ. ವೀಣಾ ಯಂತ್ರವನ್ನು ಸೊನ್ನೆಗೆ ತಂದು ಎರಡನೇ ಸಲ ನಿಲ್ಲಿಸಿದಳು. ಅಷ್ಟೇ ತೋರಿಸಿತು.

"ಊಟ ಮಾಡ್ತೀಯೇನೇ ಸರಿಯಾಗಿ?"

"ಮಾಡ್ತೇನೆ ಟೀಚರ್. ಮೂರು ಹೊತ್ತು."

ಅಂದಿನಿಂದ ಮಧ್ಯಾಹ್ನ ಗಮನಿಸಿದಳು. ಮಕ್ಕಳೆಲ್ಲ ತಟ್ಟೆ ಹಿಡಿದು ಜಗಲಿಯಲ್ಲಿ ಬಿಸಿಯೂಟಕ್ಕೆ ಕೂತರೆ ಮೋಕ್ಷಿತಾ ತರಗತಿಯಲ್ಲೇ ಇರುತ್ತಿದ್ದಳು. ಮನೆಯಿಂದ ತಂದ ಡಬ್ಬಿ ಬೆಂಚಿನ ಮೇಲೆ ಮುಚ್ಚಿದ ಹಾಗೇ ಇರುತ್ತಿತ್ತು. ಗಂಟೆ ಬಾರಿಸುವ ಮುಂಚೆ ಅದನ್ನು ಹಿತ್ತಲಿನ ನಾಯಿಗೆ ಸುರಿದು ನಲ್ಲಿಯಲ್ಲಿ ತೊಳೆದು ತರುತ್ತಿದ್ದಳು. ಮೊಟ್ಟೆ ಕೊಡುವ ದಿನ ತನ್ನ ಪಾಲಿನ ಮೊಟ್ಟೆ ದಿಗಂತನಿಗೆ.

ವೀಣಾ ಒಂದು ದಿನ ಪೀರಿಯಡ್ ಬದಲಾಯಿಸಿಕೊಂಡು ನಾಲ್ಕು ಗಂಟೆಗೆ ಬಸ್‌ಸ್ಟಾಪಿಗೆ ಓಡಿದಳು. ಮೋಕ್ಷಿತಾಳ ಅಮ್ಮ ಚೀಲ ಹಿಡಿದು ನಿಂತಿದ್ದಳು.

"ಅನ್ನ, ಸಾಂಬಾರ್, ಪಲ್ಯ ಎಲ್ಲಾ ಮಾಡಿಟ್ಟೇ ಬರುದು ಟೀಚರ್," ಎಂದಳು ಆಕೆ. "ಬೆಳಿಗ್ಗೆ ಹೋಗಿ ನೋಡಿದರೆ ಪಾತ್ರೆ ತೊಳೆದಿಟ್ಟಿರ್ತಾಳೆ. ನನಗೆ ಎಂತ ಗೊತ್ತಾಗುದು? ಆಸ್ಪತ್ರೆಯಲ್ಲಿ ಬೇರೆಯವರ ಮಕ್ಕಳಿಗೆ ಗಂಜಿ ಕುಡಿಸ್ತೇನೆ..." ಬಸ್ಸು ಬಂತು. ಆಕೆ ಮೆಟ್ಟಿಲ ಮೇಲೆ ನಿಂತು ಮತ್ತೇನೋ ಹೇಳಿದಳು. ಬಾಗಿಲು ಹಾಕಿಕೊಂಡಿತು.

ವೀಣಾ ಮೋಕ್ಷಿತಾಳನ್ನು ಕರೆದೊಯ್ದು ತೋರಿಸಿದಾಗ ಆರೋಗ್ಯ ಕೇಂದ್ರದ ಡಾಕ್ಟರು ರಕ್ತ ನೋಡಿ ಕಬ್ಬಿಣದ ಮಾತ್ರೆ ಕೊಟ್ಟರು. "ಮಾತ್ರೆಯಿಂದ ಹೋಗುವಂಥದ್ದಲ್ಲ ಇದು. ಯಾರಾದರೂ ಕೂತು ಮಾತಾಡಬೇಕು. ಮಡಿಕೇರಿಗೆ ಪ್ರತಿ ವಾರ ಕರ್ಕೊಂಡು ಹೋಗ್ಲಿಕ್ಕಾಗುತ್ತಾ?" ಎಂದರು. ಘಾಟಿ ಹತ್ತಲು ಒಂದು ಗಂಟೆ, ಇಳಿಯಲು ಒಂದು ಗಂಟೆ. ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಯಾವಾಗ ಮಲಗಬೇಕು? ಕೂತು ಮಾತಾಡುವವರು ಶಾಲೆಯ ಬಾಗಿಲಿಗೇ ಬರುವವರಿದ್ದರು. ಅವರನ್ನು ಬಾರದಂತೆ ಮಾಡಿದ್ದು ತನ್ನ ರಬ್ಬರ್.

ಮೂರು ದಿನ ಸುಮ್ಮನಿದ್ದಳು. ಹೇಳಿಕೊಳ್ಳೋಣವೆಂದರೆ ಯಾರಿದ್ದಾರೆ? ಅವ್ವನ ಫೋನು ಬಂದಾಗ ಬಾಯಿ ತನಕ ಬಂತು. "ಅವ್ವ, ನಂದೊಂದು ತಪ್ಪಾಗೋಗದೆ..." ಎಂದಳು. "ಏನು, ಗ್ಯಾಸ್ ಆಫ್ ಮಾಡ್ದೆ ಬಂದ್ಬುಟ್ಯಾ?" ಎಂದು ರಾಮಮ್ಮ ಗಾಬರಿಯಾದಳು. "ಹೂಂ, ಅಂಥದ್ದೇ," ಎಂದು ವೀಣಾ ಮಾತು ತೇಲಿಸಿದಳು.

ನಾಲ್ಕನೆಯ ದಿನ ಪದ್ಮಯ್ಯನವರ ಕೋಣೆಗೆ ಹೋದಳು. ಪತ್ರಕ್ಕೆ ಆಗಲೇ ಫ್ರೇಮ್ ಬಂದಿತ್ತು.

"ಸರ್, ಆ ಸರ್ವೆ ಸರಿಯಾದ್ದಲ್ಲ. ಇನ್ನೊಂದ್ಸಲ ಮಾಡ್ಸಬೇಕು."

"ಎಂತಕ್ಕೆ?"

"ನಾನು ಹೇಳಿಕೊಟ್ಟು ಬರೆಸಿದ್ದು."

"ಎಲ್ಲ ಶಾಲೆಯಲ್ಲೂ ಹಾಗೇ ಟೀಚರ್. ನೀವೊಬ್ರೇ ಹರಿಶ್ಚಂದ್ರ ಆಗ್ಲಿಕ್ಕೆ ಹೊರಟದ್ದಾ?" ಪದ್ಮಯ್ಯನವರು ನಗಲು ನೋಡಿದರು, ಅವಳು ನಗಲಿಲ್ಲ. "ನಾನು ಹೇಳಿದ್ದು ಅಂತ ಬರೀತೀರೋ?"

"ಇಲ್ಲ ಸರ್. ಅಳಿಸೋಕೆ ಹೇಳಿದ್ದು ನಾನು. ನನ್ನ ಹೆಸರೇ ಬರೀತೀನಿ."

ಅವರು ಬಹಳ ಹೊತ್ತು ಫ್ರೇಮಿನ ಗಾಜನ್ನು ಬೆರಳಿನಿಂದ ಒರೆಸಿದರು. "ಎಂತ ಬೇಕಾದ್ರೂ ಮಾಡಿ ಮಾರಾಯ್ರೆ," ಎಂದರು ಕೊನೆಗೆ. ಮರುದಿನದಿಂದ ಸ್ಟಾಫ್ ರೂಮಿನಲ್ಲಿ ವೀಣಾ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುವ ಮೇಜಿನಲ್ಲಿ ಅವಳ ಕಡೆಗೆ ಪಲ್ಯ ಬರಲಿಲ್ಲ.

ಅಶ್ವಥ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. "ನಂದೂ ತಪ್ಪೈತೆ ಮೇಡಂ, ನಿಮ್ಮನ್ನ ಒಳಗೆ ಬಿಡಬಾರದಿತ್ತು. ಬರವಣಿಗೇಲಿ ಕೊಡಿ. ಹಳೇ ಹಾಳೆ ರದ್ದು ಮಾಡಿ ಇನ್ನೊಂದ್ಸಲ ತುಂಬುಸ್ತೀವಿ. ಆದ್ರೆ ನಿಮ್ ಪತ್ರ ಇಲಾಖೆಗೂ ಹೋಯ್ತದೆ, ನೋಡ್ಕಳಿ." ಅವಳು ಬರೆದು ಕಳುಹಿಸಿದಳು. ಇಲಾಖೆಯಿಂದ ವಿವರಣೆ ಕೇಳಿ ಒಂದು ನೋಟೀಸು ಬಂತು. ಅದಕ್ಕೂ ಉತ್ತರ ಬರೆದಳು.

ಡಿಸೆಂಬರಿನ ಒಂದು ಗುರುವಾರ ಅಶ್ವಥ್ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಈ ಸಲ ಬಾಗಿಲು ಮುಚ್ಚಿದರು. ವೀಣಾ ಧ್ವಜಕಟ್ಟೆಯ ಹತ್ತಿರ ನಿಂತಳು. ಒಳಗಿನಿಂದ ದಿಗಂತನ ದನಿ ಕೇಳಿತು: "ಸರ್, ಈ ಸಲ ನಿಜವಾಗಿಯೂ ನಿಜಾನಾ?" ನಗು ಎದ್ದಿತು. ಆಮೇಲೆ ಬಹಳ ಹೊತ್ತು ಪೆನ್ಸಿಲಿನ ಸದ್ದು.

ಹೊರಗೆ ಬಂದ ಅಶ್ವಥ್ ಹಾಳೆಗಳನ್ನು ಚೀಲಕ್ಕೆ ತುಂಬುತ್ತ, "ಈ ಸಲ ಎಲ್ಲಾ ಚೌಕದಲ್ಲೂ ಗುರುತು ಬಿದ್ದವೆ ಮೇಡಂ. ಯಾರದು ಏನು ಅಂತ ನಾನು ಹೇಳಂಗಿಲ್ಲ. ನಿಮ್ ಶಾಲೆಗೆ ಸಲಹೆಗಾರ್ತಿ ಬಂದೇ ಬತ್ತಾರೆ ಅನ್ಸುತ್ತೆ," ಎಂದ. ವೀಣಾಳ ಭುಜದಿಂದ ಏನೋ ಇಳಿದಂತಾಯಿತು. ಬೆಳಿಗ್ಗೆಯಿಂದ ಅವಳು ನೀರನ್ನೂ ಕುಡಿದಿರಲಿಲ್ಲ.

ಮಕ್ಕಳು ಕೈತೊಳೆಯಲು ಓಡಿದರು. ಮೋಕ್ಷಿತಾ ಕೊನೆಗೆ ಬಂದಳು, ಟೀಚರನ್ನು ಕಂಡು ನಿಂತಳು.

"ಟೀಚರ್, ನಾನು ಸರಿಯಾದ್ದೇ ಬರೆದೆ."

"ಯಾವುದು ಸರಿಯಾದ್ದು?"

"ನೀವು ಹೇಳಿದ್ದು. ಐದು." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. "ಈ ಸಲ ಅಳಿಸ್ಲಿಕ್ಕೆ ಎಂತದೂ ಇಲ್ಲ."

ಸಲಹೆಗಾರ್ತಿ ಬರುವ ಶಾಲೆಗಳ ಪಟ್ಟಿಗೆ ಈ ಶಾಲೆಯೂ ಸೇರಿತು. ಜನವರಿಯಲ್ಲಿ ಸಲಹೆಗಾರ್ತಿ ಮಾನಸ ಬಂದಳು. ಹದಿನೈದು ದಿನಕ್ಕೊಮ್ಮೆ ಲ್ಯಾಬಿನ ಮೂಲೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದಳು. ವೀಣಾ ಅವಳ ಬಳಿ ತೂಕದ ವಿಷಯ, ಡಬ್ಬಿಯ ವಿಷಯ, ರಬ್ಬರಿನ ವಿಷಯ ಒಂದನ್ನೂ ಮುಚ್ಚಿಡಲಿಲ್ಲ. ಮೋಕ್ಷಿತಾ ಎರಡು ಸಲ ಹೋಗಿ ಬಂದಳು. ಎರಡು ಸಲವೂ ಐದು ನಿಮಿಷಕ್ಕೆ ಎದ್ದು ಬಂದಳು.

"ಕೇಳಿದ್ದಕ್ಕೆಲ್ಲ ಚಂದ ಉತ್ತರ ಕೊಡ್ತಾಳೆ," ಎಂದಳು ಮಾನಸ. "ಎಲ್ಲಾ ಪುಸ್ತಕದಲ್ಲಿ ಇರೋ ಹಂಗೆ. ಅವಳು ಬಾಯಿ ಬಿಡೋ ತನಕ ನಾನು ಕಾಯಬೇಕು. ಆದ್ರೆ ಅವಳು ಹೆದರಿರೋದು ನನಗಲ್ಲ, ಟೀಚರ್."

ಮರುದಿನ ಮಧ್ಯಾಹ್ನ ವೀಣಾ ಜಗಲಿಯ ಸಾಲಿನಲ್ಲಿ ನಿಂತು ಮಕ್ಕಳಂತೆಯೇ ತಟ್ಟೆಗೆ ಅನ್ನ, ಸಾಂಬಾರು ಹಾಕಿಸಿಕೊಂಡಳು. ಸ್ಟಾಫ್ ರೂಮಿನ ಕಡೆ ತಿರುಗದೆ ಒಂಬತ್ತನೇ ತರಗತಿಗೆ ಹೋದಳು. ಮೋಕ್ಷಿತಾ ಕಿಟಕಿಯ ಪಕ್ಕ ಪುಸ್ತಕ ತೆರೆದು ಕೂತಿದ್ದಳು. ಡಬ್ಬಿ ಬೆಂಚಿನ ಮೇಲಿತ್ತು. ವೀಣಾ ಎರಡು ಬೆಂಚು ಬಿಟ್ಟು ಕೂತಳು.

"ನಂದು ಊಟ ಆಯ್ತು ಟೀಚರ್," ಎಂದಳು ಹುಡುಗಿ, ಕೇಳುವ ಮೊದಲೇ.

ವೀಣಾ ಅನ್ನ ಕಲಸಿ ಒಂದು ತುತ್ತು ತಿಂದಳು. ಜಗಲಿಯಲ್ಲಿ ಗಲಾಟೆ, ಇಲ್ಲಿ ಇಬ್ಬರ ನಡುವೆ ಖಾಲಿ ಬೆಂಚುಗಳು. ಒಂದು ವಾರ ಹೀಗೇ ನಡೆಯಿತು. ದಿನವೂ ಅದೇ ಮಾತು, ಅದೇ ಮುಚ್ಚಿದ ಡಬ್ಬಿ. ಪಾಠ ಮಾಡುವವಳಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಅವಳಿಗೆ ಆ ವಾರ ತಿಳಿಯಿತು.

ಎಂಟನೆಯ ದಿನ ಅವಳೇ ಮಾತು ತೆಗೆದಳು. "ನಾನು ಕೋಣೇಲಿ ಅಡುಗೆ ಮಾಡಲ್ಲ ಕಣೇ. ಬನ್ನು ತಿಂದು ಮಲಗ್ತೀನಿ. ಏಳು ವರ್ಷ ಆಯ್ತು. ನಂಗೆ ಆ ಹಾಳೆ ಕೊಟ್ಟಿದ್ರೆ ನಾನೂ ಒಂದನೇ ಚೌಕಕ್ಕೇ ಗುರುತು ಹಾಕ್ಬೇಕಿತ್ತು. ಕಾರಣಾನೂ ನೀನು ಬರೆದಿದ್ದೇ."

ಮೋಕ್ಷಿತಾ ಪುಸ್ತಕದ ಪುಟದ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಮೊದಲ ಸಲ ಅವಳ ಹುಬ್ಬು ಗಂಟಿಕ್ಕಿತು, ಮುಖ ಕೆಂಪಾಯಿತು. ಆ ಸಿಟ್ಟನ್ನು ನೋಡಿ ವೀಣಾಳಿಗೆ ಹೆದರಿಕೆಯೂ ಆಯಿತು, ಜೀವಕ್ಕೆ ಒಂದಿಷ್ಟು ಹಾಯೆನಿಸಿತು ಕೂಡ.

"ಮತ್ತೆ ನನ್ನದು ಎಂತಕ್ಕೆ ಅಳಿಸಿದ್ದು?"

"ಹೆದರಿಕೆಗೆ."

"ಯಾರ ಹೆದರಿಕೆ? ಹೆಡ್‌ಮಾಸ್ಟ್ರದ್ದಾ?"

"ಅಲ್ಲ. ನಿಂದು. ನಂಗೆ ಗೊತ್ತಿರೋದನ್ನ ನೀನು ಬರೆದ್ಬಿಟ್ಟಿದ್ದೆ."

ಮೋಕ್ಷಿತಾ ಬಹಳ ಹೊತ್ತು ಅವಳನ್ನೇ ನೋಡಿದಳು. ಕ್ಷಮಿಸುವ ನೋಟವಲ್ಲ ಅದು. ಲೆಕ್ಕದ ಉತ್ತರ ತಾಳೆಯಾಗುತ್ತದೋ ಇಲ್ಲವೋ ಎಂದು ಮತ್ತೊಮ್ಮೆ ಮಾಡಿ ನೋಡುವವರ ನೋಟ. ಆಮೇಲೆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಚ್ಚಳ ತೆಗೆಯಲಿಲ್ಲ.

"ನಂದು ಊಟ ಆಗಿಲ್ಲ ಟೀಚರ್," ಎಂದಳು.

"ಸರಿ," ಎಂದಳು ವೀಣಾ. ಉಣ್ಣು ಎನ್ನಲಿಲ್ಲ. ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.